52 ಸೆಕೆಂಡುಗಳ ಎದೆನೋವು

ಕಚೇರಿಯ ಕೆಲಸದ ಮೇಲೆ ಆರು ತಿಂಗಳ ಮಟ್ಟಿಗೆ ಬೆಂಗಳೂರಿಗೆ ಬಂದಿದ್ದ ದಕ್ಷಿಣ ಕೊರಿಯಾದ ಗೆಳೆಯರೊಬ್ಬರನ್ನು ನಮ್ಮ ಅಪಾರ್ಟ್‌ಮೆಂಟಿನ ಸ್ವಾತಂತ್ರ್ಯ ದಿನಾಚರಣೆಗೆ ಆಹ್ವಾನಿಸಿದಾಗ, ಆಗಸ್ಟ್ 15ರ ಮಹತ್ವವನ್ನು ಅವರಿಗೆ ಮನವರಿಕೆ ಮಾಡಿಕೊಡುವ ಹೊಣೆ ನನ್ನದೆಂದೇ ಭಾವಿಸಿದ್ದೆ. ಅರ್ಧ ಗಂಟೆಯ ನನ್ನ ಉಪನ್ಯಾಸವನ್ನು ತಾಳ್ಮೆಯಿಂದ ಕೇಳಿ ಮುಗಿಸಿದ ಮೇಲೆ ಅವರು, ಜಪಾನಿನ ಆಳ್ವಿಕೆಯಿಂದ ಕೊರಿಯಾ ಬಿಡುಗಡೆ ಹೊಂದಿದ್ದೂ ಆಗಸ್ಟ್ 15ರಂದೇ, ಆದರೆ 1945ರಲ್ಲಿ, ಎಂದು ವಿನಯದಿಂದ ತಿಳಿಸಿದರು. ಒಂದು ವರ್ಷ ದೊಡ್ಡವರಾದರೂ ಅಣ್ಣನ ಸ್ಥಾನ ಕೊಡುವ ನಾಡಿನವರು. ಎರಡು ವರ್ಷದ ಹಿರಿತನವನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲವೆಂಬುದಷ್ಟೇ ನನಗುಳಿದ ಸಮಾಧಾನ.

ಹೋದ ಮಾನವನ್ನು ಮರಳಿ ಪಡೆಯಲು ಧ್ವಜದ ವಿಷಯಕ್ಕೆ ಹೊರಳಿದೆ. ನಮ್ಮದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಧ್ವಜವೆಂದೂ, ಸ್ವಾತಂತ್ರ್ಯ ದಿನದಂದು ಅದನ್ನು ಕಂಬದ ಬುಡದಿಂದ ಮೇಲೇರಿಸುವುದು ಕ್ರಮವೆಂದೂ, ತುದಿಯಲ್ಲಿ ಮಡಚಿ ಕಟ್ಟಿ ಹಗ್ಗ ಎಳೆದು ಅರಳಿಸುವುದು ಜನವರಿ 26ರ ಪದ್ಧತಿಯೆಂದೂ ವಿವರಿಸಿದೆ. ಮರುದಿನ ಬೆಳಿಗ್ಗೆ ಅಂಗಳಕ್ಕಿಳಿದು ನೋಡಿದರೆ, ನಮ್ಮ ವಾಚ್‌ಮನ್ ಹೂವಿನ ಪಕಳೆಗಳ ಸಮೇತ ಧ್ವಜವನ್ನು ಗಂಟು ಕಟ್ಟಿ, ಕಂಬದ ತುದಿಗೆ ಮುಟ್ಟಿಸಿ, ಕೃತಾರ್ಥನಾಗಿ ನಿಂತಿದ್ದ. ತಪ್ಪು ಅವನದಲ್ಲ, ವಿದೇಶೀಯರಿಗೆ ಹೇಳಿದ್ದನ್ನು ಅವನಿಗೂ ಹೇಳಬೇಕೆಂಬುದು ಸಂಘದ ಕಾರ್ಯದರ್ಶಿಯಾದ ನನಗೆ ಹೊಳೆದಿರಲಿಲ್ಲ. ಗೆಳೆಯರು ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಏನೂ ಕೇಳಲಿಲ್ಲ.

ಅತಿಥಿಗಳಾಗಿದ್ದ ನಿವೃತ್ತ ಮುಖ್ಯೋಪಾಧ್ಯಾಯರು ಹಗ್ಗ ಎಳೆದರು. ಗಂಟು ಬಿಡಲಿಲ್ಲ. ಎರಡನೆಯ ಸಲ ಇನ್ನಷ್ಟು ಬಿಗಿಯಿತು. ಅಷ್ಟರಲ್ಲಿ, ಹಗ್ಗ ಎಳೆದದ್ದನ್ನೇ ಸಂಕೇತವೆಂದು ತಿಳಿದ ಮೂರನೇ ಮಹಡಿಯ ಹುಡುಗ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಹಾಕಿಬಿಟ್ಟ. ರಾಷ್ಟ್ರಗೀತೆ ಆರಂಭವಾದ ಮೇಲೆ ಯಾರು ಅಲುಗಾಡಲು ಸಾಧ್ಯ? ಮುಖ್ಯೋಪಾಧ್ಯಾಯರು ಹಗ್ಗ ಹಿಡಿದ ಕೈಯನ್ನು ಮೇಲೆತ್ತಿಕೊಂಡೇ, ಏಣಿ ತರಲು ಓಡುತ್ತಿದ್ದ ವಾಚ್‌ಮನ್ ಅರ್ಧ ದಾರಿಯಲ್ಲೇ, ನಾನು ತೆರೆದ ಬಾಯಿ ಮುಚ್ಚದೆ, ನೆತ್ತಿಯ ಮೇಲಿನ ಗಂಟಿಗೆ ಗೌರವ ಸಲ್ಲಿಸುತ್ತಾ ನಿಂತೆವು. ಗೆಳೆಯರು ಮಾತ್ರ ತಮ್ಮ ದೇಶದ ರೂಢಿಯಂತೆ ಬಲಗೈಯನ್ನು ಎಡ ಎದೆಯ ಮೇಲಿಟ್ಟುಕೊಂಡರು.

ಪಕ್ಕದಲ್ಲಿದ್ದ ಎರಡನೇ ಮಹಡಿಯ ಅಜ್ಜಿ ಇದನ್ನು ಕಂಡು ಬೆಚ್ಚಿಬಿದ್ದರು. ಅವರ ಯಜಮಾನರೂ ಒಮ್ಮೆ ಹೀಗೆಯೇ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ್ದವರು. ಆದರೆ ರಾಷ್ಟ್ರಗೀತೆಯ ನಡುವೆ ಬಾಯಿ ತೆರೆಯುವಂತಿಲ್ಲವಾದ್ದರಿಂದ, ಪೂರ್ಣಪಾಠದ ಆ 52 ಸೆಕೆಂಡುಗಳನ್ನೂ ಅವರು ನನ್ನತ್ತ ಕಣ್ಣರಳಿಸುವುದರಲ್ಲೇ ಕಳೆದರು. ಗಂಟಿನ ಬಗೆಗಿನ ಆಕ್ಷೇಪಣೆಯಿರಬೇಕೆಂದು ನಾನು ಕಣ್ಣಲ್ಲೇ ಕ್ಷಮೆ ಕೋರಿದೆ.

ಕೊನೆಯ 'ಜಯ ಹೇ' ಮುಗಿಯಿತೋ ಇಲ್ಲವೋ, "ಕಾರ್ಯದರ್ಶಿಗಳೇ, ನಿಮ್ಮವರಿಗೆ ಎದೆನೋವು!" ಎಂದು ಅಜ್ಜಿ ಕೂಗಿದರು. ಇಬ್ಬರು ರಟ್ಟೆ ಹಿಡಿದು ಗೆಳೆಯರನ್ನು ಕಂಬದ ಬುಡದ ಕುರ್ಚಿಯಲ್ಲಿ ಕೂರಿಸಿದರು, ಒಬ್ಬರು ನೀರು ಕುಡಿಸಿದರು, ಅಜ್ಜಿ ಆಹ್ವಾನಪತ್ರಿಕೆಯಿಂದ ಗಾಳಿ ಬೀಸಿದರು. ಹಿರಿಯರ ಮಾತು ಮೀರಬಾರದೆಂಬ ಸಂಸ್ಕಾರದ ಆ ಮನುಷ್ಯ ಹೇಳಿದ್ದಕ್ಕೆಲ್ಲ ತಲೆಬಾಗಿಸಿದ್ದರಿಂದ ಅನುಮಾನ ಖಚಿತವಾಯಿತು. ಆ ಗದ್ದಲದಲ್ಲಿ ಮುಖ್ಯೋಪಾಧ್ಯಾಯರು ಮೂರನೆಯ ಸಲ ಎಳೆದ ಹಗ್ಗಕ್ಕೆ ಗಂಟು ಸಡಿಲಿ, ಧ್ವಜ ಅರಳಿ, ಪಕಳೆಗಳೆಲ್ಲ ರೋಗಿಯ ತಲೆಯ ಮೇಲೆ ಸುರಿದವು. ಮಕ್ಕಳು ಚಪ್ಪಾಳೆ ತಟ್ಟಿದರು.

ಎಲ್ಲವನ್ನೂ ಬಿಡಿಸಿ ಹೇಳಿದ್ದಾಯಿತು, ಕೇಸರಿಬಾತ್ ಹಂಚಿದ್ದಾಯಿತು. ಆದರೂ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅಜ್ಜಿ ದನಿ ತಗ್ಗಿಸಿ ವಿಚಾರಿಸುತ್ತಾರೆ: "ಪಾಪ, ಅವರು ಊರು ಸೇರಿದ ಮೇಲಾದರೂ ಈಸಿಜಿ ಮಾಡಿಸಿಕೊಂಡರೇ?"