ಜೇನಿನ ಮಾತು ಬಿಟ್ಟುಹೋಗಿದೆ

ಕೂಸಿನ ಕೈಕಾಲು ಇದ್ದಕ್ಕಿದ್ದಂತೆ ಸೋಲುವುದಕ್ಕೆ ಪೋಲಿಯೊ, ಗಿಲಾನ್-ಬಾರೆ (ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ) ಕಾರಣವಿರಬಹುದು ಎಂದು ನಿಮ್ಮ ಲೇಖನದಲ್ಲಿ ಚೆನ್ನಾಗಿ ವಿವರಿಸಿದ್ದೀರಿ. ಆದರೆ ನಮ್ಮ ಮನೆಗಳಿಗೆ ಹೇಳಲೇಬೇಕಾದ ಶಿಶು ಬಾಟುಲಿಸಂ, ಅಂದರೆ ಬ್ಯಾಕ್ಟೀರಿಯಾದ ವಿಷದಿಂದ ಕೂಸಿನ ಸ್ನಾಯುಗಳು ಸೋಲುವ ಕಾಯಿಲೆ, ಬಿಟ್ಟುಹೋಗಿದೆ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ದೊಡ್ಡವರ ಕರುಳಿನಲ್ಲಿ ಸಾಮಾನ್ಯವಾಗಿ ಅವುಗಳ ಆಟ ನಡೆಯುವುದಿಲ್ಲ. ವರ್ಷ ತುಂಬದ ಮಗುವಿನಲ್ಲಿ ಮೊಳೆತು, ವಿಷ ಉಂಟುಮಾಡಿ, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುತ್ತವೆ. ಮೊದಲು ಮಲಬದ್ಧತೆ (ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?). ಆಮೇಲೆ ರೆಪ್ಪೆ ಜೋಲುತ್ತದೆ, ಅಳು ಕ್ಷೀಣಿಸುತ್ತದೆ, ಹಾಲು ಚೀಪಲು ಶಕ್ತಿಯಿರುವುದಿಲ್ಲ, ಕತ್ತು ವಾಲುತ್ತದೆ. ಗಿಲಾನ್-ಬಾರೆ ಸಾಮಾನ್ಯವಾಗಿ ಕಾಲಿನಿಂದ ಮೇಲೇರಿದರೆ, ಇದು ಮುಖದಿಂದ ಕೆಳಗಿಳಿಯುತ್ತದೆ.

ನನ್ನ ಮೊಮ್ಮಗಳ ನಾಮಕರಣದ ದಿನ ನಮ್ಮ ಅತ್ತಿಗೆ ಚಿನ್ನದ ಉಂಗುರವನ್ನು ಜೇನಿನಲ್ಲಿ ಅದ್ದಿ ತುಟಿಯವರೆಗೂ ತಂದಿದ್ದರು. ನಾನು ಕೈ ಹಿಡಿದೆ. “ನಾವೆಲ್ಲ ಇದನ್ನೇ ನೆಕ್ಕಿ ಬೆಳೆದವರಲ್ಲವೇ?” ಎಂದು ಮುನಿಸಿಕೊಂಡರು; ಊಟಕ್ಕೂ ನಿಲ್ಲಲಿಲ್ಲ. ಬಜೆ ತೇಯ್ದು ಜೇನಿನಲ್ಲಿ ಕೊಡುವವರೂ ಇದ್ದಾರೆ. ಕಾಯಿಸಿದರೆ ಸಾಕು ಎನ್ನುವವರಿಗೆ ಒಂದು ಮಾತು: ಈ ಬೀಜಕಣಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಮಣ್ಣು, ಧೂಳಿನಿಂದಲೂ ಅವು ಬರಬಹುದು, ನಿಜ. ಅದನ್ನು ತಡೆಯುವುದು ಕಷ್ಟ. ಜೇನಿನ ಶೀಶೆಯನ್ನು ಒಂದು ವರ್ಷ ಅಟ್ಟದ ಮೇಲಿಡುವುದು ಕಷ್ಟವೇನಲ್ಲ.