ಪಿಕಪ್‌ನ ಹಿಂಭಾಗದಲ್ಲಿ ಬೆನ್ನು ಒರಗಿಸಿ ಕೂತರೆ ಸಾಕೇ?

ಜಾತ್ರೆ, ಮದುವೆ ಸೀಸನ್ ಬಂತೆಂದರೆ ಒಂದು ಫಾರ್ವರ್ಡ್ ಓಡಾಡುತ್ತದೆ: "ಪಿಕಪ್‌ನ ಲೋಡ್ ಜಾಗದಲ್ಲಿ ಕ್ಯಾಬಿನ್‌ಗೆ ಬೆನ್ನು ಕೊಟ್ಟು ಕೂತು ಮಗುವನ್ನು ಗಟ್ಟಿಯಾಗಿ ಅಪ್ಪಿಕೊಂಡರೆ ಏನೂ ಆಗುವುದಿಲ್ಲ."

ಸತ್ಯಾಂಶ: ಇದು ತಪ್ಪು. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ, 10 ಕಿಲೋ ಮಗುವನ್ನು ಹಿಡಿದಿಡಲು ಸುಮಾರು 200 ಕಿಲೋ ತೂಕ ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಕ್ಯಾಬಿನ್ ಗೋಡೆ ಮುಂದಿನ ಡಿಕ್ಕಿಗೆ ಒಂದಿಷ್ಟು ಆಸರೆಯಾದೀತು. ಗಾಡಿ ಮಗುಚಿದರೆ, ತಿರುವಿನಲ್ಲಿ ವಾಲಿದರೆ ಕೂತವರು ಹೊರಗೆ ಎಸೆಯಲ್ಪಡುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟುವುದಂತೂ ಬೇಡವೇ ಬೇಡ, ಹೊಟ್ಟೆಯೊಳಗಿನ ಅಂಗಾಂಗಕ್ಕೇ ಪೆಟ್ಟು.

ಬೆಲ್ಟ್ ಇರುವಷ್ಟೇ ಜನ, ಅದೂ ಕ್ಯಾಬಿನ್ನಿನೊಳಗೆ. ಒಂದೇ ಬೆಲ್ಟಿನಲ್ಲಿ ದೊಡ್ಡವರನ್ನೂ ಮಗುವನ್ನೂ ಸೇರಿಸಿದರೆ ದೊಡ್ಡವರ ಭಾರವೇ ಮಗುವನ್ನು ಜಜ್ಜುತ್ತದೆ. ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ ಕ್ಯಾಬಿನ್) ಆದರೆ ಮಕ್ಕಳ ಸೀಟು ಹಿಂದಿನ ಸಾಲಿನಲ್ಲಿರಲಿ. ಗಾಡಿಯ ಬೆಲ್ಟ್ ಹಾಯುವ ಕಡೆ ಆ ಸೀಟನ್ನು ಹಿಡಿದು ಅಲ್ಲಾಡಿಸಿ: 2.5 ಸೆಂ.ಮೀ.ಗಿಂತ ಹೆಚ್ಚು ಜರುಗಬಾರದು. ಮಕ್ಕಳ ಸೀಟಿನ ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲವಿದೆ. ಹಿಮ್ಮುಖ ಸೀಟನ್ನು (ಮಗು ಗಾಡಿಯ ಹಿಂಬದಿಗೆ ಮುಖ ಮಾಡಿ ಕೂರುವಂಥದ್ದು) ಚಾಲೂ ಇರುವ ಏರ್‌ಬ್ಯಾಗ್ ಮುಂದೆ ಎಂದಿಗೂ ಇಡಬೇಡಿ. ಎತ್ತರ ಸುಮಾರು 145 ಸೆಂ.ಮೀ. ಆಗುವವರೆಗೆ ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಬೇಕು, ಇಲ್ಲದಿದ್ದರೆ ಬೆಲ್ಟ್ ಕುತ್ತಿಗೆಗೆ ಒತ್ತುತ್ತದೆ. ಮಗು ಅದನ್ನು ಕಂಕುಳ ಕೆಳಗೆ ಸರಿಸಿಕೊಳ್ಳಲು ಬಿಡಬೇಡಿ.

14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 1,000 ರೂಪಾಯಿ ದಂಡವಿದೆ. ಉಳಿದ ನೆಂಟರಿಗೆ ಬಸ್ಸೋ ಟೆಂಪೋ ಟ್ರಾವೆಲರೋ ಮಾಡಿ.