ಗೇಮಿನೊಳಗಿನ ಮುದುಕನಿಗಾಗಿ ಮನಸ್ಸು ನೊಂದರೆ ಅದು ಹುಚ್ಚಲ್ಲ

ವಿಡಿಯೋ ಗೇಮಿನ ಒಂದು ಪಾತ್ರಕ್ಕೆ ಅನ್ಯಾಯ ಮಾಡಿಬಿಟ್ಟೆ ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ ಸುತ್ತ ಇದ್ದವರು ನಗುತ್ತಾರೆ. “ಅದು ಬರೀ ಗ್ರಾಫಿಕ್ಸ್ ಕಣೋ, ಆಫ್ ಮಾಡಿದ್ರೆ ಮುಗೀತು” ಅನ್ನುತ್ತಾರೆ. ಈ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

‘ದಿಸ್ ವಾರ್ ಆಫ್ ಮೈನ್’ ಎಂಬ ಗೇಮ್ ಇದೆ. ಪೋಲೆಂಡಿನ ವಾರ್ಸಾದಲ್ಲಿರುವ 11 ಬಿಟ್ ಸ್ಟುಡಿಯೋಸ್‌ನವರು 2014ರಲ್ಲಿ ತಂದದ್ದು, ಮೊಬೈಲಿನಲ್ಲೂ ಆಡಬಹುದು. ಯುದ್ಧದ ಗೇಮೇ, ಆದರೆ ಇಲ್ಲಿ ನಮ್ಮ ಕೈಯಲ್ಲಿರುವುದು ಸೈನಿಕರಲ್ಲ. ಮುತ್ತಿಗೆಗೆ ಸಿಕ್ಕಿಕೊಂಡ ಊರಿನ ಪಾಳುಮನೆಯೊಂದರಲ್ಲಿ ಜೀವ ಹಿಡಿದುಕೊಂಡಿರುವ ಮಾಮೂಲಿ ಜನ. ಚೆನ್ನಾಗಿ ಅಡುಗೆ ಮಾಡುವ ಬ್ರೂನೋ, ಓಟದಲ್ಲಿ ಚುರುಕಾದ ಫುಟ್‌ಬಾಲ್ ಆಟಗಾರ ಪಾವ್ಲೆ, ಚೌಕಾಸಿಯಲ್ಲಿ ಗಟ್ಟಿಗಿತ್ತಿಯಾದ ವರದಿಗಾರ್ತಿ ಕಾಟ್ಯಾ. ಹಗಲು ಮರೆಯಲ್ಲಿ ಕೂತು ಗುಂಡು ಹಾರಿಸುವ ಸ್ನೈಪರ್‌ಗಳ ಭಯ, ಹೊರಗೆ ತಲೆ ಹಾಕುವಂತಿಲ್ಲ. ಕತ್ತಲಾದ ಮೇಲೆ ಒಬ್ಬರು ಚೀಲ ಹೆಗಲಿಗೆ ಹಾಕಿಕೊಂಡು ಊಟ, ಔಷಧಿ, ಸೌದೆ ಹುಡುಕಿಕೊಂಡು ಹೋಗಬೇಕು.

ಹಾಗೆ ಹೋಗಬಹುದಾದ ಜಾಗಗಳಲ್ಲಿ ವಯಸ್ಸಾದ ಗಂಡ ಹೆಂಡತಿ ಇರುವ ಒಂದು ಮನೆಯಿದೆ. ಅಲ್ಲಿ ಊಟವಿದೆ, ಔಷಧಿಯಿದೆ. ಕಾವಲಿಲ್ಲ, ಬಂದೂಕಿಲ್ಲ. ನೀವು ಕಪಾಟು ತೆಗೆಯುತ್ತಿದ್ದರೆ ಆ ಮುದುಕ ಹಿಂದೆ ಹಿಂದೆಯೇ ಬಂದು ತೆಗೆದುಕೊಳ್ಳಬೇಡಿ ಅಂತ ಬೇಡಿಕೊಳ್ಳುತ್ತಾನೆ. ಅಷ್ಟೇ. ತಡೆಯುವ ಶಕ್ತಿ ಅವನಿಗಿಲ್ಲ. ಇತ್ತ ನಮ್ಮ ಪಾಳುಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದಿದ್ದಾರೆ, ಒಲೆಯ ಮೇಲೆ ಇಡಲು ಏನೂ ಇಲ್ಲ. ನಾನು ಅಲ್ಲಿಂದ ಔಷಧಿ ತೆಗೆದುಕೊಂಡಿದ್ದೇನೆ. ಮತ್ತೆ ಅದೇ ಸ್ಥಿತಿ ಬಂದರೆ ತೆಗೆದುಕೊಳ್ಳುವುದಿಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ.

ಆಮೇಲೆ ನಡೆಯುವುದೇ ಈ ಗೇಮಿನ ಹೆಚ್ಚುಗಾರಿಕೆ. ಪಾಯಿಂಟ್ ಕಡಿತವಿಲ್ಲ, ‘ನೀನು ಕೆಟ್ಟವನು’ ಎಂಬ ಬೋರ್ಡೂ ಬರುವುದಿಲ್ಲ. ಕದ್ದು ತಂದವನ ಮುಖ ಬಾಡುತ್ತದೆ. ಮನೆಯಲ್ಲಿದ್ದವರೂ ಕುಗ್ಗುತ್ತಾರೆ, ನಾವು ಮಾಡಿದ್ದು ಸರಿಯೇ ಅಂತ ತಮ್ಮಲ್ಲೇ ಗೊಣಗುತ್ತಾರೆ. ದುಃಖ ಹೆಚ್ಚಾದರೆ ನಿಧಾನವಾಗುತ್ತಾರೆ, ಹೇಳಿದ ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಕೂತು ಸಮಾಧಾನ ಮಾಡಲು ಇನ್ನೊಬ್ಬರು ಬೇಕು. ಪೂರ್ತಿ ಮುರಿದುಹೋದವರು ಮನೆ ಬಿಟ್ಟು ಹೋಗಬಹುದು, ಜೀವವನ್ನೇ ಕಳೆದುಕೊಳ್ಳಬಹುದು. ಕದ್ದ ಅನ್ನ ಹೊಟ್ಟೆಗೆ ಇಳಿಯುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ ಎಂಬುದನ್ನು ಆಟದ ನಿಯಮದಲ್ಲೇ ಹೆಣೆದಿದ್ದಾರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ.

ಇದೆಲ್ಲ ಗಾಳಿಯಲ್ಲಿ ಹುಟ್ಟಿದ ಕಲ್ಪನೆಯೂ ಅಲ್ಲ. ಮಾಡಿದವರಿಗೆ ಮುಖ್ಯ ಪ್ರೇರಣೆ ಬೋಸ್ನಿಯಾದ ಸರಾಯೆವೊ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ ಆ ಊರು ಮುತ್ತಿಗೆಯಲ್ಲಿತ್ತು. ಚಳಿಗಾಲದಲ್ಲಿ ಜನ ಪಾರ್ಕಿನ ಮರ ಕಡಿದು ಸುಟ್ಟರು, ಪೀಠೋಪಕರಣ ಸುಟ್ಟರು, ಕೊನೆಗೆ ಪುಸ್ತಕಗಳನ್ನೂ ಸುಟ್ಟರು. ಗೇಮಿನಲ್ಲೂ ಪುಸ್ತಕವನ್ನು ಒಲೆಗೆ ಹಾಕಬಹುದು. ಮುತ್ತಿಗೆ ಶುರುವಾಗಿ 20 ವರ್ಷ ತುಂಬಿದಾಗ, 2012ರಲ್ಲಿ, ಸತ್ತವರ ಲೆಕ್ಕಕ್ಕೆ ಒಂದೊಂದರಂತೆ 11,541 ಕೆಂಪು ಕುರ್ಚಿಗಳನ್ನು ಊರಿನ ಮುಖ್ಯ ಬೀದಿಯಲ್ಲಿ ಖಾಲಿ ಇಟ್ಟಿದ್ದರು. ಮಕ್ಕಳ ಪಾಲಿನವು ಚಿಕ್ಕ ಕುರ್ಚಿಗಳು. ಇದನ್ನು ತಿಳಿದ ಮೇಲೆ ಆ ಮುದುಕನನ್ನು ‘ಬರೀ ಗ್ರಾಫಿಕ್ಸ್’ ಅನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. 2020ರಲ್ಲಿ ಪೋಲೆಂಡ್ ಸರ್ಕಾರ ಇದೇ ಗೇಮನ್ನು ಪ್ರೌಢ ವಿದ್ಯಾರ್ಥಿಗಳು ಓದಬೇಕಾದ ಪುಸ್ತಕಗಳ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಹೇಳಿತು. ಸರಿಯಾದ ನಿರ್ಧಾರ ಅಂತಲೇ ನನ್ನ ಎಣಿಕೆ.

ಕಥೆಗೆ ಅಳುವುದು ನಮಗೆ ಹೊಸದಲ್ಲ. ಪುಣ್ಯಕೋಟಿ ಕರುವನ್ನು ಬಿಟ್ಟು ಹುಲಿಯ ಬಳಿಗೆ ಹೊರಟಾಗ ಕಣ್ಣು ಒದ್ದೆಯಾಗದ ಕನ್ನಡದ ಮಗು ಅಪರೂಪ. ಆ ಹಸು ನಿಜವೇ ಅಂತ ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ನಾವು ಕೇಳುಗರು, ನಮಗೆ ಬರುವುದು ಮರುಕ. ಗೇಮಿನಲ್ಲಿ ಹುಲಿಯ ಜಾಗದಲ್ಲಿ ನಾವೇ ಇರುತ್ತೇವೆ, ಹಸು ಎದುರಿಗೆ ಬಂದು ನಿಂತಿರುತ್ತದೆ. ಆಗ ಬರುವ ನೋವೇ ಬೇರೆ. ಕೊನೆಗೆ ಹುಲಿಗೆ ಏನಾಯಿತು ಅಂತ ನಮಗೆಲ್ಲ ಗೊತ್ತಲ್ಲ!

ಹಾಗಂತ ಎಲ್ಲ ಗೇಮುಗಳೂ ಇದನ್ನು ಪ್ರಾಮಾಣಿಕವಾಗಿ ಮಾಡುತ್ತವೆ ಅಂತಲ್ಲ. 2012ರ ‘ಸ್ಪೆಕ್ ಆಪ್ಸ್: ದಿ ಲೈನ್’ನಲ್ಲಿ ಮರಳಿನಲ್ಲಿ ಮುಳುಗಿದ ದುಬೈಯಲ್ಲಿ ನಮ್ಮ ಕೈಯಿಂದಲೇ ಬಿಳಿ ರಂಜಕದ (ತಗುಲಿದ್ದನ್ನು ಸುಟ್ಟುಹಾಕುವ ರಾಸಾಯನಿಕ) ಬಾಂಬು ಹಾಕಿಸುತ್ತಾರೆ, ಆಮೇಲೆ ಸುಟ್ಟುಹೋದ ಸಾಮಾನ್ಯ ಜನರನ್ನು ತೋರಿಸುತ್ತಾರೆ. ಬಹಳ ಹೊಗಳಿಸಿಕೊಂಡ ದೃಶ್ಯ. ನನಗೆ ಮೈ ನಡುಗಿತು ನಿಜ, ಆದರೆ ತಪ್ಪಿತಸ್ಥ ಅನ್ನಿಸಲಿಲ್ಲ. ಬೇರೆ ದಾರಿಯನ್ನೇ ಕೊಡದೆ, ಒತ್ತಿದ್ದು ನಿನ್ನ ಕೈ ಅಂದರೆ ಹೇಗೆ? ‘ಅಂಡರ್‌ಟೇಲ್’ (2015) ಇದಕ್ಕಿಂತ ಎಷ್ಟೋ ಜಾಣತನದ್ದು. ತಾಯಿಯಂತೆ ನೋಡಿಕೊಂಡ ಟೊರಿಯೆಲ್‌ಳನ್ನು ಕೊಂದು, ಬೇಜಾರಾಗಿ ಹಳೆಯ ಸೇವ್‌ನಿಂದ, ಅಂದರೆ ಮೊದಲೇ ಉಳಿಸಿಟ್ಟಿದ್ದ ಹಂತದಿಂದ, ಮತ್ತೆ ಶುರು ಮಾಡಿ ಈ ಸಲ ಅವಳನ್ನು ಉಳಿಸಿದರೆ, ಮುಂದೆ ಸಿಗುವ ಹೂವಿನ ಪಾತ್ರವೊಂದು ‘ನೀನು ಮೊದಲು ಏನು ಮಾಡಿದೆ ಅಂತ ನನಗೆ ಗೊತ್ತು’ ಎಂಬ ಅರ್ಥದಲ್ಲಿ ಮಾತಾಡುತ್ತದೆ. ಯಾರಿಗೂ ತಿಳಿಯದಂತೆ ಅಳಿಸಿದೆ ಅಂದುಕೊಂಡದ್ದನ್ನು ಒಬ್ಬ ನೋಡಿರುತ್ತಾನೆ.

ಬ್ಯಾಟಲ್‌ಗ್ರೌಂಡ್ಸ್‌ನಂಥ ಶೂಟಿಂಗ್ ಗೇಮಿನಲ್ಲಿ ದಿನವೂ ಎಷ್ಟೋ ಜನರನ್ನು ಹೊಡೆದುರುಳಿಸುವವರಿಗೆ ಇದೇನೂ ಆಗುವುದಿಲ್ಲವಲ್ಲ ಅಂತ ಕೇಳಬಹುದು. ಆಗುವುದಿಲ್ಲ, ಆಗಬೇಕಾದ್ದೂ ಇಲ್ಲ. ಅದು ಕಬಡ್ಡಿಯಲ್ಲಿ ಔಟ್ ಮಾಡಿದ ಹಾಗೆ, ಬಿದ್ದವನು ಮುಂದಿನ ಮ್ಯಾಚಿಗೆ ಎದ್ದು ಬರುತ್ತಾನೆ. ಬೇಡಿಕೊಳ್ಳುವ ದನಿಯೊಂದು ಕೇಳಿಸಿದಾಗ, ಬಿಟ್ಟುಬಿಡುವ ದಾರಿಯೂ ಕೈಯಲ್ಲಿದ್ದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಇಂಥ ಗೇಮ್ ಆಡಿದವರೆಲ್ಲ ಒಳ್ಳೆಯವರಾಗಿಬಿಡುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ. ಆದರೆ ತಾನು ಹಸಿದಾಗ ಇನ್ನೊಬ್ಬರ ಕಪಾಟಿನ ಮುಂದೆ ತನ್ನ ಕೈ ಏನು ಮಾಡುತ್ತದೆ ಎಂಬುದನ್ನು ಯಾರಿಗೂ ನೋವಾಗದಂತೆ ನೋಡಿಕೊಳ್ಳುವ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಆದ್ದರಿಂದ ಮನೆಯಲ್ಲಿ ಮಗನೋ ಮಗಳೋ ತಂಗಿಯೋ ಗೇಮ್ ಆಡಿ ಸಪ್ಪಗೆ ಕೂತಿದ್ದರೆ ದಯವಿಟ್ಟು ನಗಬೇಡಿ. ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಪಕ್ಕದಲ್ಲಿ ಕೂತು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿ. ಈ ಗೇಮ್ ಆಡಿದವರು ಇಲ್ಲಿ ಯಾರಾದರೂ ಇದ್ದರೆ, ಆ ಮುದುಕರ ಮನೆಗೆ ಯಾರನ್ನು ಕಳಿಸಿದಿರಿ, ಏನು ತಂದಿರಿ ಅಥವಾ ಬರಿಗೈಲಿ ಬಂದಿರಾ ಅಂತ ಬರೆಯಿರಿ. ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿದೆ.